ಅವ್ವನ ಹೆಸರಿಗೆ ಹಕ್ಕುಪತ್ರ ಯಾವಾಗ ಕೊಡ್ತೀರಿ ಸರ್?

ಬಾಗಲಕೋಟೆ ಮುಳುಗಡೆ ಸಂತ್ರಸ್ತರ ಪುನರ್ವಸತಿ ನೋಡಿಕೊಳ್ಳುವ ಹಿರಿಯ ಅಧಿಕಾರಿಗಳಿಗೆ ನಮಸ್ಕಾರ.

ನಾನು, ಮುಳುಗಡೆಯಾದವರಿಗೆ ಕಟ್ಟಿದ ನವನಗರದಿಂದ ಬರೆಯುತ್ತಿದ್ದೇನೆ. ಹುಟ್ಟಿದ್ದು ಹಳೇ ಬಾಗಲಕೋಟೆಯ ಕಿಲ್ಲಾ ಭಾಗದಲ್ಲಿ. ಆಲಮಟ್ಟಿ ಹಿನ್ನೀರು ಬರುತ್ತದೆ ಅಂತ ಮನೆ ಗೋಡೆಗೆ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋದರು. ಅಪ್ಪ ತಲಬಾಗಿಲಿನ ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರಿಕೊಂಡು ಇಲ್ಲಿಗೆ ಬಂದರು. ಹೊಸ ಗೋಡೆಗೆ ಅದು ಎತ್ತರವಾಯಿತು, ನಾಲ್ಕು ಬೆರಳು ಕತ್ತರಿಸಬೇಕಾಯಿತು. ಅವತ್ತು ಅಪ್ಪ ಊಟ ಮಾಡಲಿಲ್ಲ.

ಸೈಟು ಅಪ್ಪನ ಹೆಸರಿಗೆ ಬಂತು. ಹಕ್ಕುಪತ್ರ ಕೈಗೆ ಬರುವ ಮೊದಲೇ ಅಪ್ಪ ತೀರಿಕೊಂಡರು, ಒಂಬತ್ತು ವರ್ಷವಾಯಿತು. ಅವ್ವನ ಹೆಸರಿಗೆ ಮಾಡಿಕೊಡಿ ಅಂತ ಅಂದಿನಿಂದ ಅಲೆಯುತ್ತಿದ್ದೇವೆ. ಮರಣ ಪ್ರಮಾಣಪತ್ರ, ವಂಶಾವಳಿ, ಅಫಿಡವಿಟ್ ಎಲ್ಲಾ ಕೊಟ್ಟಾಗಿದೆ. ಸಾಹೇಬರು ಬದಲಾದರೆ ಮತ್ತೆ ಮೊದಲಿನಿಂದ ಶುರು. ಕಾಗದ ಇಲ್ಲ ಅಂತ ಬ್ಯಾಂಕ್ ಸಾಲ ಕೊಡುವುದಿಲ್ಲ, ಸೋರುವ ಮಾಳಿಗೆ ಹಾಗೇ ಇದೆ.

ಹೋದ ತಿಂಗಳು ಅವ್ವನೇ ಕಚೇರಿಗೆ ಬರಬೇಕು ಅಂದರು. 72 ವರ್ಷ, ಮೊಣಕಾಲು ನೋವು, ಗೋಡೆ ಹಿಡಿದು ಎರಡನೇ ಮಹಡಿ ಹತ್ತಿದರು. ಅಲ್ಲಿ ಕೂತವರು ಕೇಳಿದ್ದು, ಹಳೇ ಮನೆಯ ಈ ವರ್ಷದ ತೆರಿಗೆ ರಸೀದಿ! "ತಮ್ಮಾ, ಆ ಮನಿ ನೀರಾಗ ಐತಿ" ಅಂದರು ಅವ್ವ. "ಹಂಗಾದ್ರ ಮನಿ ಇತ್ತು ಅನ್ನೂದಕ್ಕ ಫೋಟೋ ತಗೊಂಡ್ ಬರ್ರಿ" ಅಂದರು. ಇಳಿಯುವಾಗ ಅವ್ವ ಮೆಟ್ಟಿಲ ಮೇಲೆ ಕೂತುಬಿಟ್ಟರು. "ನಾವು ಅಲ್ಲಿ ಇದ್ದದ್ದು ಸುಳ್ಳೇನು?" ಅಂತ ನನ್ನನ್ನೇ ಕೇಳಿದರು. ನಾನೇನು ಹೇಳಲಿ ಸರ್? ಗೋಡೆ ಮೇಲೆ ನಂಬರ್ ಬರೆದವರು ನಿಮ್ಮವರೇ ಅಲ್ವಾ? ಆ ನಂಬರ್ ನಿಮ್ಮ ಕಡತದಲ್ಲೇ ಇದೆ ಅಲ್ವಾ? ನಿಯಮ ನಿಮಗೆ ಗೊತ್ತು, ನಾನು ಹೇಳಿಕೊಡಬೇಕಾಗಿಲ್ಲ. ಹಕ್ಕುಪತ್ರ ಕೊಡಿ.

ಈಗ ಆಲಮಟ್ಟಿ ಜಲಾಶಯದ ಮಟ್ಟ 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ನಡೆದಿದೆ. 2010ರಲ್ಲೇ ಕೃಷ್ಣಾ ನೀರು ಹಂಚುವ ನ್ಯಾಯಮಂಡಳಿ ಒಪ್ಪಿದೆ, ನೀರು ಬೇಕು, ನಾವೂ ರೈತರ ಮಕ್ಕಳೇ, ಬೇಡ ಅನ್ನುವುದಿಲ್ಲ. ಆದರೆ ಇನ್ನಷ್ಟು ಹಳ್ಳಿಗಳು, ಹಳೇ ಊರಿನ ಉಳಿದ ಮನೆಗಳು ಖಾಲಿಯಾಗಬೇಕು. ಮೊದಲು ಎದ್ದು ಬಂದವರ ಕಾಗದವೇ ಮುಗಿದಿಲ್ಲ. ಇನ್ನು ಏಳಬೇಕಾದವರನ್ನು ಯಾವ ಬಾಯಿಂದ ಏಳಿ ಅಂತೀರಿ?

ಅವ್ವ ಇನ್ನು ಆ ಮೆಟ್ಟಿಲು ಹತ್ತುವುದಿಲ್ಲ. ಫೋಟೋ ನಮ್ಮ ಹತ್ತಿರ ಇಲ್ಲ, ಚೌಕಟ್ಟು ಇದೆ. ಬಂದು ನೋಡಿ. ಬರುವಾಗ ಅವ್ವನ ಹೆಸರಿನ ಹಕ್ಕುಪತ್ರ ತನ್ನಿ.

ಇಂತಿ,
ನವನಗರದ ಒಬ್ಬ ಮುಳುಗಡೆ ಸಂತ್ರಸ್ತ