ಕೂತಿಲ್ಲ

ಪ್ರೀತಿಯ ಹುಡುಗಿ,

ನಿನ್ನ ಕಥೆ ಬಂದು ತಿಂಗಳಾಯಿತು. ಜತೆಗಿದ್ದ ಚೀಟಿಯಲ್ಲಿ 'ನನಗೆ ಬರೆಯೋಕೆ ಬರಲ್ಲ ಅನ್ಸುತ್ತೆ ಸರ್, ಒಳಗಿಂದ ಏನೂ ಬರ್ತಿಲ್ಲ' ಅಂತ ಬರೆದಿದ್ದೆ. ಅದನ್ನು ಓದಿ ಬೇಜಾರಾಯಿತು. ಕಥೆ ಓದಿ ಸಿಟ್ಟು ಬಂತು. ನನ್ನ ಮಗಳ ವಯಸ್ಸಿನವಳು ನೀನು, ಅದಕ್ಕೇ ಬಹುವಚನ ಬಿಟ್ಟು ಬರೆಯುತ್ತಿದ್ದೇನೆ.

ಕಾಗುಣಿತ, ಪ್ಯಾರಾ, ಎಷ್ಟು ಪುಟ ಇರಬೇಕು, ಯಾವ ಪತ್ರಿಕೆಗೆ ಕಳಿಸಬೇಕು, ಇವನ್ನೆಲ್ಲ ಬೇರೆ ಯಾರನ್ನಾದರೂ ಕೇಳು. ನನ್ನ ತಕರಾರು ಇರುವುದು ನಿನ್ನ ಕಥೆಯ ಚಿತ್ರಕಾರನ ಮೇಲೆ. ಅವನು ನಡುರಾತ್ರಿ ಎದ್ದು ಕೂರುತ್ತಾನೆ, ಏನೋ ಹೊಳೆಯುತ್ತದೆ, ಬೆಳಗಾಗುವಷ್ಟರಲ್ಲಿ ಮಹಾನ್ ಚಿತ್ರ ರೆಡಿ. ಒಂದು ಸಲವೂ ಬ್ರಷ್ ತೊಳೆಯುವುದಿಲ್ಲ. ಹಿಂದೆ ಸರಿದು ನೋಡುವುದಿಲ್ಲ. ಬಳಿದದ್ದನ್ನು ಕೆರೆದು ತೆಗೆಯುವುದಿಲ್ಲ. ಇಂಥವನನ್ನು ಎಲ್ಲಿ ನೋಡಿದೆ ಮಾರಾಯ್ತಿ? ಸಿನಿಮಾದಲ್ಲಿ, ಅಲ್ವಾ?

ನಾನು ನೋಡಿದ ಮೊದಲ ಚಿತ್ರಕಾರರು ನಮ್ಮೂರ ಬಸ್‌ಸ್ಟ್ಯಾಂಡ್ ಹತ್ತಿರ ಅಂಗಡಿ ಬೋರ್ಡ್ ಬರೆಯುತ್ತಿದ್ದವರು. ಸೀಮೆಸುಣ್ಣ ತಿಕ್ಕಿದ ದಾರವನ್ನು ತಗಡಿನ ಮೇಲೆ ಎಳೆದು ಹಿಡಿದು ಟಪ್ ಅಂತ ಬಿಟ್ಟರೆ ನೆಟ್ಟಗೆ ಗೆರೆ ಬೀಳುತ್ತಿತ್ತು. ಎರಡು ಅಕ್ಷರ ಬರೆಯುವುದು, ರಸ್ತೆ ದಾಟಿ ಆ ಬದಿಗೆ ಹೋಗುವುದು, ಬೀಡಿ ಹಚ್ಚಿ ಕಣ್ಣು ಕಿರಿದು ಮಾಡಿ ನೋಡುವುದು. ಒಮ್ಮೆ ಬಾಳೆಕಾಯಿ ಮಂಡಿಯ ಬೋರ್ಡಿನಲ್ಲಿ 'ಳೆ' ಬರೆದು, ನೋಡಿ ಬಂದು, ಸೀಮೆಎಣ್ಣೆ ಬಟ್ಟೆಯಿಂದ ಅದನ್ನು ಒರೆಸಿಯೇಬಿಟ್ಟರು. ನನ್ನ ಕಣ್ಣಿಗೆ ಚೆನ್ನಾಗೇ ಇತ್ತು. ಯಾಕೆ ಅಂದೆ. 'ಕೂತಿಲ್ಲ' ಅಂದರು. ಏನು ಕೂತಿಲ್ಲ, ಎಲ್ಲಿ ಕೂತಿಲ್ಲ ಅಂತ ಕೇಳಿದರೆ ಅವರಿಗೂ ಹೇಳಲು ಬರಲಿಲ್ಲ.

'ಒಳಗಿಂದ ಬರೋದು' ಅನ್ನುತ್ತೀಯಲ್ಲ, ನನಗೆ ಗೊತ್ತಿರುವುದು ಆ 'ಕೂತಿಲ್ಲ' ಒಂದೇ. ಅದು ಏನು ಬರೆಯಬೇಕು ಅಂತ ಹೇಳಿಕೊಡುವುದಿಲ್ಲ. ನೀನು ಏನಾದರೂ ಬರೆದ ಮೇಲೆ ಬೇಡ ಅನ್ನುತ್ತದೆ, ಅಷ್ಟೇ. ಖಾಲಿ ಹಾಳೆ ಇಟ್ಟುಕೊಂಡು ಕೂತರೆ ಅದು ಬಾಯೇ ಬಿಡುವುದಿಲ್ಲ. ನಿನ್ನ ವಯಸ್ಸಿನಲ್ಲಿ ನಾನು ಹೋಗಿದ್ದ ಕಮ್ಮಟವೊಂದರಲ್ಲಿ ದೊಡ್ಡವರೊಬ್ಬರು 'ಅಂತರಂಗದ ದನಿ ಕೇಳಿ' ಅಂತ ಹೇಳಿ ಊಟಕ್ಕೆ ಎದ್ದು ಹೋದರು. ಆ ದನಿಗೆ ಕಾಯುತ್ತಾ ನಾನು ಎರಡು ವರ್ಷ ಒಂದಕ್ಷರವೂ ಬರೆಯಲಿಲ್ಲ.

ಚಿತ್ರಕಾರ ಪಿಕಾಸೊಗೆ 1937ರ ಜನವರಿಯಲ್ಲಿ ಸ್ಪೇನಿನ ಸರ್ಕಾರದವರು ಪ್ಯಾರಿಸ್ ಮೇಳಕ್ಕೆ ದೊಡ್ಡ ಚಿತ್ರ ಬೇಕು ಅಂತ ಕೇಳಿದ್ದರು. ತಿಂಗಳುಗಳು ಹೋದರೂ ಚಿತ್ರ ದಡ ಹತ್ತಲಿಲ್ಲ. ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಅನ್ನೋ ಊರಿನ ಮೇಲೆ ಬಾಂಬ್ ಬಿತ್ತು, ಮೇ 1ಕ್ಕೆ ಸ್ಕೆಚ್ ಶುರುವಾಯಿತು. ಇಷ್ಟೇ ಕೇಳಿದರೆ ನಿನ್ನ ಕಥೆಯ ಹಾಗೇ ಇದೆ. ಆದರೆ ಏಳು ಮೀಟರಿಗೂ ಜಾಸ್ತಿ ಅಗಲದ ಆ 'ಗೆರ್ನಿಕಾ' ಕ್ಯಾನ್ವಾಸ್ ಬದಲಾಗುತ್ತಾ ಹೋದದ್ದನ್ನು ಛಾಯಾಗ್ರಾಹಕಿ ಡೋರಾ ಮಾರ್ ಫೋಟೊ ತೆಗೆದಿಟ್ಟಿದ್ದಾರೆ, ಹುಡುಕಿ ನೋಡು. ಮೊದಲ ಫೋಟೊದಲ್ಲಿ, ನೆಲಕ್ಕೆ ಬಿದ್ದ ಯೋಧನ ತೋಳು ನಡುಮಧ್ಯೆ ಮೇಲೆದ್ದಿದೆ, ಮುಷ್ಟಿ ಬಿಗಿದಿದೆ. ಬಿಗಿದ ಮುಷ್ಟಿ ಅಂದರೆ ಆಗ ಅಲ್ಲಿನ ಎಡಪಂಥದವರ ಸಲಾಮು. ಮುಂದಿನ ಫೋಟೊದಲ್ಲಿ ಅದೇ ಮುಷ್ಟಿಯಲ್ಲಿ ತೆನೆ, ಹಿಂದೆ ದೊಡ್ಡ ಸೂರ್ಯ. ಆಮೇಲೆ ನೋಡಿದರೆ ಮುಷ್ಟಿಯೇ ಇಲ್ಲ. ಇಡೀ ಚಿತ್ರದಲ್ಲಿ ಚಪ್ಪಾಳೆ ಗ್ಯಾರಂಟಿ ಇದ್ದದ್ದು ಅದಕ್ಕೇ, ಅದನ್ನೇ ಅಳಿಸಿದ. ನನ್ನ ಊಹೆ ಇಷ್ಟೇ, ಕೂತಿರಲಿಲ್ಲ.

ನನಗೆ ಆ ಧೈರ್ಯ ಇರಲಿಲ್ಲ. ನನ್ನದೊಂದು ಕಥೆಯ ಕೊನೆಗೆ ಮುದುಕಿಯೊಬ್ಬಳು ಕೋಲೆತ್ತಿ ಒಡೆಯನಿಗೆ ಒಂದು ಮಾತು ಹೇಳುತ್ತಾಳೆ. ಬರೆದ ರಾತ್ರಿಯೇ ಅದು ಅವಳ ಮಾತಲ್ಲ, ನನ್ನ ಭಾಷಣ ಅನ್ನಿಸಿತ್ತು. ಬೆಳಿಗ್ಗೆ ತೆಗೆಯೋಣ ಅಂದುಕೊಂಡು, ತೆಗೆಯದೆ ಕಳಿಸಿದೆ. ಸಂಪಾದಕರು ಆ ಸಾಲನ್ನೇ ಹೊಗಳಿ ಕಾರ್ಡ್ ಬರೆದರು. ಬಹುಮಾನವೂ ಬಂತು. ಪುಸ್ತಕ ಮಾಡುವಾಗಲಾದರೂ ತೆಗೆಯಬಹುದಿತ್ತು, ಸುಮ್ನಾದೆ. ಈಗಲೂ ಸಭೆಯಲ್ಲಿ ಯಾರಾದರೂ ಆ ಸಾಲು ಹೇಳಿದರೆ ಎದ್ದು ಹೊರಗೆ ಹೋಗೋಣ ಅನ್ನಿಸುತ್ತದೆ. ಪಾಪ, ಆ ಸಂಪಾದಕರದ್ದೇನೂ ತಪ್ಪಿಲ್ಲ. ಆದರೂ ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಹಾಗಾದರೆ ಆ 'ಬೇಡ' ಎಲ್ಲಿಂದ ಬರುತ್ತೆ ಅಂತ ನೀನು ಕೇಳುತ್ತೀಯ. ನಮ್ಮ ಕೆ.ಕೆ. ಹೆಬ್ಬಾರರ ರೇಖಾಚಿತ್ರ ನೋಡು. ಉಡುಪಿ ಹತ್ತಿರದ ಕಟ್ಟಿಂಗೇರಿಯವರು, 1911ರಲ್ಲಿ ಹುಟ್ಟಿದವರು. ಕುಣಿಯುವವಳ ಕೈ, ಸೊಂಟ, ಬಟ್ಟೆಯ ಅಂಚು ಎಲ್ಲ ಒಂದೇ ಉಸಿರಿನಲ್ಲಿ ಎಳೆದ ಹಾಗೆ ಇರುತ್ತವೆ. ದೇವರು ಕೊಟ್ಟ ಕೈ ಅಂದುಬಿಡುವುದು ಸುಲಭ. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಪಾಠವನ್ನೂ ಮಾಡಿದ ಈ ಮನುಷ್ಯ, ಲಯ ಅಂದರೇನು ಅಂತ ತಿಳಿದುಕೊಳ್ಳಲು ಕಥಕ್ ಕಲಿತರು. ನೋಡಿ ಗೆರೆ ಹಾಕಿಕೊಳ್ಳಲು ಹೋದದ್ದಲ್ಲ, ತಾವೇ ಕುಣಿಯಲು. ಕಾಲು ತಾಳ ತಪ್ಪಿದ್ದು ಎಷ್ಟು ಸಲವೋ. ಆಮೇಲೆ ಗೆರೆ ತಪ್ಪಿದರೆ ಮೈಗೇ ಗೊತ್ತಾಗುತ್ತಿತ್ತೇನೋ.

ನಿನ್ನ ಕಥೆಯ 7ನೇ ಪುಟದಲ್ಲಿ ಅವನ ಅಮ್ಮ ತಟ್ಟೆ ಮೂಸಿ ನೋಡಿ 'ಅನ್ನಕ್ಕೂ ಟರ್ಪಂಟೈನ್ ವಾಸನೆ ಹಿಡೀತಲ್ಲೋ' ಅನ್ನುತ್ತಾಳೆ. ಅದು ಕೂತಿದೆ. ಸುತ್ತ ಇರುವ ಬೆಳಕು, ಧ್ಯಾನ, ಮೌನ ಇವಕ್ಕೆಲ್ಲ ಪೆನ್ಸಿಲ್ಲಿನಲ್ಲಿ ಗೀಟು ಹಾಕಿದ್ದೇನೆ. ನಿನಗೆ ಬೇಕು ಅನ್ನಿಸಿದರೆ ಇಟ್ಟುಕೋ, ನಾನು ಹೇಳಿದೆ ಅಂತ ತೆಗೆಯಬೇಡ. ಆದರೆ ಆ ಅಮ್ಮ ಆಮೇಲೆ ಕಥೆಯಲ್ಲಿ ಬರುವುದೇ ಇಲ್ಲವಲ್ಲ, ಆ ರಾತ್ರಿ ಅವಳು ಆ ಅನ್ನ ಉಂಡಳಾ, ಚೆಲ್ಲಿದಳಾ? ಅಷ್ಟು ಬರೆದು ಕಳಿಸು. ಅದೇ ಪುಟದ ಮೇಲೆ ನನ್ನ ಕಾಫಿ ಬಿದ್ದಿದೆ, ಬೈಕೋಬೇಡ.