ಹಟ್ಟಿಗೆ ಹೋಗುತ್ತಿರುವ ಪಲ್ಲವಿಗೆ

ಶಿರಾ

ಪ್ರೀತಿಯ ಪಲ್ಲವಿ,

ನಿನ್ನ ಕಾಗದ ಓದಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಇಷ್ಟು ಬೇಜಾರಾ? "ನಂಗಿನ್ನೂ ಇಪ್ಪತ್ಮೂರು, ಮದುವೆನೂ ಆಗಿಲ್ಲ. ಬಾಣಂತಿನ ಮನೆಯೊಳಗೆ ಕರ್ಕೊಳ್ಳಿ ಅಂದ್ರೆ ಹಟ್ಟಿಯವರು ನನ್ನ ಮಾತು ಯಾಕೆ ಕೇಳ್ತಾರೆ ದೊಡ್ಡಮ್ಮ" ಅಂತ ಬರೆದಿದ್ದೀಯ.

ಆದರೂ ಹೇಳಲೇಬೇಕು ಕಣೇ. ಮುಟ್ಟಾದವರನ್ನೂ ಬಾಣಂತಿಯರನ್ನೂ ಮೈಲಿಗೆ ಅಂತ ಊರಾಚೆ ಗುಡಿಸಲಲ್ಲಿ ಇಡೋ ಪದ್ಧತಿ ಗೊಲ್ಲರ ಊರುಗಳಾದ ಈ ಹಟ್ಟಿಗಳಲ್ಲಿ ಕೆಲವು ಕಡೆ ಇನ್ನೂ ಇದೆ. 2023ರ ಜುಲೈಯಲ್ಲಿ ತುಮಕೂರು ಹತ್ತಿರದ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಊರಾಚೆ ಗುಡಿಸಲಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಮಳೆಗಾಲದ ಚಳಿ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೆಂಗಸರನ್ನು ಹೀಗೆ ಬಲವಂತವಾಗಿ ಹೊರಗಿಡಬಾರದು ಅಂತ 2017ರ ದುಷ್ಟ ಪದ್ಧತಿ ತಡೆ ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಬೇಕು. ಆದರೆ ಅಧಿಕಾರಿಗಳು ಗುಡಿಸಲು ಕೀಳಿಸಿ ಜೀಪು ಹತ್ತಿದ ಮೇಲೆ ಇನ್ನೊಂದು ಏಳುತ್ತದೆ. ಸೊಸೆಯನ್ನು ಒಳಗೆ ಕರೆಯಬೇಕಾದವಳು ಅತ್ತೆ.

ನಾನು ನರ್ಸಮ್ಮ ಆಗಿದ್ದಾಗ ಒಂದು ಹಟ್ಟಿಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ಹತ್ತನೇ ಕ್ಲಾಸಿನ ಹುಡುಗಿ, ಪರೀಕ್ಷೆ ಹತ್ತಿರ. ಮುಟ್ಟಾದಳು. "ಗುಡಿಸಲಲ್ಲಿ ಲೈಟಿಲ್ಲ, ನಾನು ಹೋಗಲ್ಲ" ಅಂತ ಹಟ ಹಿಡಿದಳು. ಅವಳಮ್ಮ ಹೆದರಿ ಅತ್ತಳು. ಅಜ್ಜಿ ಮಾತ್ರ ಏನೂ ಅನ್ನದೆ ಪಡಸಾಲೆಯಲ್ಲೇ ಚಾಪೆ ಹಾಸಿಕೊಟ್ಟಳು. ಬೆಳಿಗ್ಗೆ ಹಿರಿಯರು ಕೇಳೋಕೆ ಬಂದರು. ಅಜ್ಜಿ ಹೊಸ್ತಿಲ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಅರಿಶಿನದ ಬಟ್ಟೇಲಿ ತಪ್ಪುಕಾಣಿಕೆ ಕಟ್ಟಿಟ್ಟಿವ್ನಿ. ದೇವ್ರು ಕೇಳಿದ್ರೆ ನಾನು ಹೇಳ್ಕೊತೀನಿ, ನೀವು ಹೋಗ್ರಪ್ಪ" ಅಂದಳು. ಅವರು ಹೋದರು. ಆಮೇಲೆ ಪಕ್ಕದ ಮನೆಯವರೂ ಮಳೆ ಬಂದ ದಿನ ಸೊಸೆಯನ್ನು ಜಗಲಿಗೆ ಕರೆದರು. ಹುಡುಗಿ ಕೇಳದಿದ್ದರೆ ಅಜ್ಜಿ ಚಾಪೆ ಹಾಸುತ್ತಿರಲಿಲ್ಲ. ಅಜ್ಜಿ ಹೊಣೆ ಹೊರದಿದ್ದರೆ ಆ ಮಗುವಿನ ಹಟ ಒಂದೇಟಿಗೆ ಮುಗಿಯುತ್ತಿತ್ತು.

ದೂರದ ಅಮೆರಿಕದಲ್ಲೂ ಹೀಗೇ ಆಯಿತು. ಮಾಂಟ್ಗೊಮರಿ ಊರಿನಲ್ಲಿ ಬಿಳಿಯರಿಗೆ ಬಸ್ಸಿನ ಸೀಟು ಬಿಟ್ಟುಕೊಡಲ್ಲ ಅಂದ ಕಪ್ಪು ಹೆಂಗಸು ರೋಸಾ ಪಾರ್ಕ್ಸ್ ಹೆಸರು ನಿನಗೆ ಗೊತ್ತು. ಆಗ ಅವರಿಗೆ 42. ಅದಕ್ಕೂ ಒಂಬತ್ತು ತಿಂಗಳು ಮೊದಲು, 1955ರ ಮಾರ್ಚಿನಲ್ಲಿ, ಕ್ಲಾಡೆಟ್ ಕೊಲ್ವಿನ್ ಅನ್ನೋ 15 ವರ್ಷದ ಕಪ್ಪು ಹುಡುಗಿ ಅದನ್ನೇ ಮಾಡಿ ಅರೆಸ್ಟ್ ಆಗಿದ್ದಳು. ಚಳವಳಿಯ ಮುಂದಾಳುಗಳು ಅವಳನ್ನು ಮುಂದೆ ಮಾಡಲಿಲ್ಲ. ನನಗೆ ಅದು ಅನ್ಯಾಯ ಅಂತಲೇ ಅನಿಸುತ್ತದೆ. ಪಾರ್ಕ್ಸ್ ಬಂಧನವಾದ ಮೇಲೆ ಊರಿನ ಕಪ್ಪು ಜನ 381 ದಿನ ಬಸ್ಸು ಹತ್ತಲಿಲ್ಲ. ಆದರೆ ಬಸ್ಸಿನಲ್ಲಿ ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಬೇರೆ ಕೂರಿಸೋ ಕಾನೂನನ್ನು ಕೋರ್ಟಿನಲ್ಲಿ ಬೀಳಿಸಿದ ನಾಲ್ಕು ಹೆಂಗಸರಲ್ಲಿ ಕೊಲ್ವಿನ್ ಒಬ್ಬಳು.

ನಮ್ಮ ಗೌರಿಬಿದನೂರು ಕಡೆಯ ಎಚ್. ನರಸಿಂಹಯ್ಯನವರೂ ಅಷ್ಟೇ. 1942ರಲ್ಲಿ ಸ್ವಾತಂತ್ರ್ಯ ಚಳವಳಿಗೆ ಅಂತ ಓದು ಬಿಟ್ಟು ಜೈಲಿಗೆ ಹೋದರು. ಐವತ್ತು ದಾಟಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದಾಗ ಪವಾಡಗಳನ್ನು ಪರೀಕ್ಷೆ ಮಾಡೋಕೆ ಸಮಿತಿ ಮಾಡಿದರು. ಆಯಾ ವಯಸ್ಸಿಗೆ ಕೈಲಾಗಿದ್ದನ್ನು ಮಾಡಿದರು.

ಹಟ್ಟಿಯ ಹುಡುಗಿಯರು ನಿನ್ನನ್ನು ಅಕ್ಕ ಅಂತಾರೆ. ನಿನ್ನ ಹತ್ತಿರ ಹೇಳಿಕೊಳ್ಳೋದನ್ನ ನನ್ನಂಥ ಮುದುಕಿ ಹತ್ತಿರ ಹೇಳಲ್ಲ. ಅವರನ್ನು ಬಿಡಬೇಡ. ಮುದುಕಿಯರ ಹತ್ತಿರ ಬಿಪಿ ಮಷಿನ್ ಹಿಡಿದು ಹೋಗು. ಪಟ್ಟಿ ಕಟ್ಟಿ, ಅವಸರ ಮಾಡದೆ ಕೂತ್ಕೋ. "ನಿಮ್ಮ ಬಾಣಂತನ ಎಲ್ಲಾಯ್ತು ಅಜ್ಜಿ, ಮಳೆ ಬಂದಾಗ ಏನ್ ಮಾಡ್ತಿದ್ರಿ" ಅಂತ ಕೇಳು. ಅವರೂ ಅದೇ ಗುಡಿಸಲಲ್ಲಿ ಮಲಗಿದವರು ಅಲ್ವಾ? ಹೇಳೋವಾಗ ಮಧ್ಯೆ ಬುದ್ಧಿ ಹೇಳಬೇಡ. ದೇವರ ಸುದ್ದಿಗೆ ಹೋಗಬೇಡ. ಫೋಟೋ ತೆಗೆದು ಸ್ಟೇಟಸ್ ಹಾಕಲೇಬೇಡ, ಮತ್ತೆ ಯಾರೂ ಬಾಗಿಲು ತೆಗೆಯಲ್ಲ.

ಈ ತಿಂಗಳು ಹೆರಿಗೆ ಇರೋ ಮನೆ ಯಾವುದು ಅಂತ ತಿಳಿಸು. ಆ ಮನೆಯ ಅತ್ತೆ ನನ್ನ ವಾರಿಗೆಯವಳಾಗಿದ್ದರೆ ನಾನೂ ಜೊತೆಗೆ ಬರುತ್ತೇನೆ. ಅವಳ ಹತ್ತಿರ ನಾನು ಮಾತಾಡುತ್ತೇನೆ, ಸೊಸೆ ಹತ್ತಿರ ನೀನು ಮಾತಾಡು.

ನಿನ್ನ
ದೊಡ್ಡಮ್ಮ