ಹತ್ತು ಸಲ ಬರೆಸಿದರೆ ಓದು ಬರುವುದಿಲ್ಲ

ಮಾನ್ಯ ಸಂಪಾದಕರೇ,

ಉಕ್ತಲೇಖನದಲ್ಲಿ ತಪ್ಪಿದ ಪದವನ್ನು ಹತ್ತು ಸಲ ಬರೆಸುವ ಅಭ್ಯಾಸ ಇನ್ನೂ ಎಷ್ಟೋ ತರಗತಿಗಳಲ್ಲಿ, ಎಷ್ಟೋ ಮನೆಗಳಲ್ಲಿ ಉಳಿದಿದೆ. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು, ಬರಹ ಕಷ್ಟವಾಗುವ ಕಲಿಕೆಯ ತೊಂದರೆ, ಇರುವ ಮಗು ಆ ಹತ್ತು ಸಾಲುಗಳನ್ನು ಹೇಗೆ ಬರೆಯುತ್ತದೆ ಎಂದು ಪಕ್ಕದಲ್ಲಿ ಕೂತು ನೋಡಬೇಕು. ಮೊದಲ ಸಾಲನ್ನು ಪುಸ್ತಕ ನೋಡಿ ಇಳಿಸುತ್ತದೆ. ಆಮೇಲೆ ಮೊದಲ ಅಕ್ಷರವನ್ನು ಮೇಲಿಂದ ಕೆಳಕ್ಕೆ ಒಂಬತ್ತು ಸಲ, ಎರಡನೆಯದನ್ನು ಒಂಬತ್ತು ಸಲ, ಮೂರನೆಯದನ್ನು ಒಂಬತ್ತು ಸಲ. ಇಡೀ ಪದ ಒಮ್ಮೆಯೂ ಬಾಯಿಗೆ ಬಂದಿರುವುದಿಲ್ಲ, ಕಿವಿಗೆ ಬಿದ್ದಿರುವುದಿಲ್ಲ. ಪುಟ ತುಂಬುತ್ತದೆ, ಮರುದಿನ ಮತ್ತದೇ ತಪ್ಪು. ಮಗುವಿಗೆ ಸೋಮಾರಿ ಎಂಬ ಹೆಸರು.

ಇದು ಸೋಮಾರಿತನವೂ ಅಲ್ಲ, ದಡ್ಡತನವೂ ಅಲ್ಲ. ಬ್ರಿಟನ್ನಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲಿ 14 ವರ್ಷದ ಹುಡುಗನೊಬ್ಬನ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಗೆ ಇವನೇ ಜಾಣ ಎಂದು ಆ ಹುಡುಗನ ಮೇಷ್ಟ್ರೇ ಹೇಳಿದ್ದರು. ಓದು ಮಾತ್ರ ಬಾರದು. ತೊಂದರೆ ಕಣ್ಣಿನದು ಎಂಬ ಊಹೆ ಆ ಕಾಲದಿಂದಲೂ ಅಂಟಿಕೊಂಡು ಬಂದಿದೆ. ಆದರೆ ಹೆಚ್ಚಿನ ಮಕ್ಕಳಲ್ಲಿ ಮೂಲ ತೊಂದರೆ ಇರುವುದು ಮಾತಿನ ಸದ್ದುಗಳನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವಲ್ಲಿ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಇವಕ್ಕೆ ಹಣ ಸುರಿಯುವ ಪೋಷಕರನ್ನು ಕಂಡರೆ ನಮಗೆ ಸಂಕಟವಾಗುತ್ತದೆ. ಇವುಗಳಿಂದ ಡಿಸ್ಲೆಕ್ಸಿಯಾ ನೀಗುತ್ತದೆ ಎನ್ನಲು ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ನೇತ್ರವೈದ್ಯರ ಸಂಘಗಳ ಜೊತೆ ಸೇರಿ 2009ರಲ್ಲೇ ಹೇಳಿದೆ. ಕಣ್ಣು, ಕಿವಿ ತಪಾಸಣೆ ಮಾಡಿಸಲೇಬೇಕು, ಬೇರೆ ದೋಷವೇನಾದರೂ ಇದೆಯೇ ಎಂದು ತಿಳಿಯಲು.

ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಆದ್ದರಿಂದ ಈ ತೊಂದರೆ ಇಂಗ್ಲಿಷಿಗಷ್ಟೇ ಸಂಬಂಧಿಸಿದ್ದು ಎಂದು ಶಿಕ್ಷಕರೂ ಹೇಳುವುದುಂಟು. ‘ಶಕ್ತಿ’ ಎಂಬ ಪದವನ್ನು ಮಗುವಿನ ಕಣ್ಣಿನಿಂದ ನೋಡಿ. ಗುಡಿಸು ಕುಳಿತಿರುವುದು ಕಕಾರದ ಮೇಲೆ, ಸದ್ದು ಕೇಳುವುದು ತಕಾರ ಆದ ಮೇಲೆ. ಕಂಡದ್ದನ್ನು ಕಂಡ ಕ್ರಮದಲ್ಲೇ ಓದುವ ಮಗು ‘ಶಕಿತ’ ಎನ್ನುತ್ತದೆ. ‘ಸೂರ್ಯ’ದಲ್ಲಿ ಅರ್ಕಾವೊತ್ತು ಯಕಾರದ ನಂತರ ಬರುತ್ತದೆ, ಉಚ್ಚಾರಣೆಯಲ್ಲಿ ಮಾತ್ರ ಅದಕ್ಕಿಂತ ಮೊದಲು. ಇನ್ನು ತ, ನ, ಮ, ಯ, ರ, ಲ ಇವುಗಳ ಒತ್ತುಗಳಿಗೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಕಾಣುವುದಿಲ್ಲ. ಬ–ಭ, ದ–ಧ, ಪ–ಷ, ಒ–ಓ ಎಂದರೆ ಒಂದು ಗೆರೆಯಷ್ಟೇ ವ್ಯತ್ಯಾಸ. ಇಂಗ್ಲಿಷಿನ ಮಗು 26 ಅಕ್ಷರ ಕಲಿತರೆ ಕನ್ನಡದ ಮಗು ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳನ್ನು ಗುರುತಿಸಬೇಕು. ಎಲ್ಲ ಮಕ್ಕಳಿಗೂ ಇದಕ್ಕೆ ವರ್ಷಗಳೇ ಬೇಕು. ಹಾಗಾಗಿಯೇ ನಿಜವಾಗಿ ಹಿಂದೆ ಬಿದ್ದ ಮಗು ‘ನಿಧಾನಕ್ಕೆ ಬರುತ್ತೆ ಬಿಡಿ’ ಎಂಬ ಮಾತಿನ ಮರೆಯಲ್ಲಿ ಉಳಿದುಬಿಡುತ್ತದೆ.

ಚುರುಕಾದ ಮಗು ಪಾಠವನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿ, ಬೆರಳಿಟ್ಟು ‘ಓದಿ’ಬಿಡುತ್ತದೆ. ಬೆರಳು ಯಾವ ಸಾಲಿನ ಮೇಲಿದೆ ಎಂದು ನೋಡಿದರೆ ಗುಟ್ಟು ತಿಳಿಯುತ್ತದೆ. ಅದೇ ಪದಗಳನ್ನು ಬೇರೆ ಹಾಳೆಯಲ್ಲಿ ಕ್ರಮ ತಪ್ಪಿಸಿ ಬರೆದು ಕೊಡಿ. ‘ಲಮಿಪು’, ‘ಗೋಟಸೆ’ ತರಹದ ಅರ್ಥವಿಲ್ಲದ ನಾಲ್ಕಾರು ಪದಗಳನ್ನೂ ಸೇರಿಸಿ, ಇವನ್ನು ಊಹಿಸಿ ಓದಲಾಗದು. ಪುಸ್ತಕ ಮುಚ್ಚಿ, ‘ಕಮಲದಲ್ಲಿ ಮ ತೆಗೆದರೆ ಏನು ಉಳಿಯುತ್ತೆ?’ ಎಂದು ಕೇಳಿ. ಬೋರ್ಡು ನೋಡಿ ಅಂದವಾಗಿ ನಕಲು ಮಾಡುವ ಮಗು ಉಕ್ತಲೇಖನದಲ್ಲಿ ಮುಗ್ಗರಿಸಿದರೆ, ‘ಮನೆ’ಯನ್ನು ‘ಮರ’ ಎಂದು ಮೊದಲಕ್ಷರ ನೋಡಿಯೇ ಊಹಿಸಿದರೆ, ತಡಮಾಡದೆ ಮನಶ್ಶಾಸ್ತ್ರಜ್ಞರ ಅಥವಾ ತರಬೇತಿ ಪಡೆದ ವಿಶೇಷ ಶಿಕ್ಷಕರ ಬಳಿ ಪರೀಕ್ಷೆ ಮಾಡಿಸಿ. ಮಗು ಕಲಿಯುತ್ತಿರುವ ಎಲ್ಲ ಭಾಷೆಗಳಲ್ಲೂ ಪರೀಕ್ಷೆ ಆಗಬೇಕು. ಮನೆಯಲ್ಲಿ ಆಡದ ಭಾಷೆಯೊಂದರಲ್ಲೇ ಅಳೆದರೆ ಭಾಷೆ ಬಾರದ್ದನ್ನೇ ಓದು ಬಾರದ್ದೆಂದು ತಪ್ಪು ತಿಳಿಯುವ ಅಪಾಯವಿದೆ. ವರದಿಯಲ್ಲಿ ತೊಂದರೆಯ ಹೆಸರೊಂದೇ ಇದ್ದರೆ ಸಾಲದು. ಓದುವ ವೇಗ, ಅರ್ಥವಿಲ್ಲದ ಪದಗಳ ಓದು, ಕಾಗುಣಿತ, ಕೇಳಿ ಗ್ರಹಿಸುವ ಶಕ್ತಿ ಬೇರೆ ಬೇರೆಯಾಗಿ ದಾಖಲಾಗಿರಬೇಕು, ಏನು ಕಲಿಸಬೇಕೆಂಬ ಸಲಹೆಯೂ ಇರಬೇಕು. ವರದಿ ಕೈಗೆ ಬರುವ ತನಕ ಪಾಠ ನಿಲ್ಲಿಸಬೇಡಿ.

ಪಾಠ ಎಂದರೆ ಹೆಚ್ಚುವರಿ ಟ್ಯೂಷನ್ ಅಲ್ಲ. ವಾರಕ್ಕೆ ನಾಲ್ಕೈದು ದಿನ, ದಿನಕ್ಕೆ ಅರ್ಧ ಗಂಟೆ, ಒಬ್ಬರಿಗೊಬ್ಬರು ಅಥವಾ ಹೆಚ್ಚೆಂದರೆ ಮೂರು ಮಕ್ಕಳು. ಮೊದಲ ಐದು ನಿಮಿಷ ಹಳೆಯ ಅಕ್ಷರಗಳ ಕಾರ್ಡು, ಮುಂದಿನ ಐದು ನಿಮಿಷ ಪುಸ್ತಕವಿಲ್ಲದೆ ಸದ್ದಿನ ಆಟ. ಹೊಸದು ಎರಡೋ ಮೂರೋ ಸಾಕು, ಅದಕ್ಕೆ ಹತ್ತು ನಿಮಿಷ. ಉಳಿದ ಹೊತ್ತಿನಲ್ಲಿ, ಕಲಿಸಿದ ಅಕ್ಷರಗಳಷ್ಟೇ ಇರುವ ಉಕ್ತಲೇಖನ ಮತ್ತು ಓದು. ಬ, ಭ ಎರಡನ್ನೂ ಒಂದೇ ದಿನ ಜೋಡಿಯಾಗಿ ಕಲಿಸುವುದೇ ಗೊಂದಲಕ್ಕೆ ದಾರಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಮರಳಿನಲ್ಲೋ ಸ್ಲೇಟಿನಲ್ಲೋ ತಿದ್ದಿಸುವಾಗ ಕೈಯ ಜೊತೆಗೇ ಬಾಯೂ ಆ ಸದ್ದು ಹೇಳಬೇಕು. ಮೌನವಾಗಿ ತಿದ್ದಿದರೆ ಕೈಗೆ ಚಿತ್ರ ಬರುತ್ತದೆ, ಕಿವಿಗೆ ಅಕ್ಷರ ಬರುವುದಿಲ್ಲ.

ಒತ್ತಕ್ಷರಕ್ಕೆ ಎರಡು ಬಣ್ಣದ ಪೆನ್ಸಿಲ್ ಸಾಕು. ‘ಶ’, ‘ಕ್’ ನೀಲಿಯಲ್ಲಿ, ‘ತಿ’ ಕೆಂಪಿನಲ್ಲಿ ಬಿಡಿಬಿಡಿಯಾಗಿ ಬರೆದು ಬೆರಳಿಟ್ಟು ಓದಿಸಿ. ನಂತರ ಅದರ ಕೆಳಗೇ ‘ಶಕ್ತಿ’ ಎಂದು ಕೂಡಿಸಿ ಬರೆದು, ಗುಡಿಸು ಮತ್ತು ತ ಒತ್ತು ಎರಡನ್ನೂ ಕೆಂಪಿನಲ್ಲೇ ಬರೆಯಿರಿ. ಗುಡಿಸು ಯಾರಿಗೆ ಸೇರಿದ್ದು ಎಂದು ಬಣ್ಣವೇ ಹೇಳುತ್ತದೆ. ‘ಭಕ್ತಿ’, ‘ಯುಕ್ತಿ’, ‘ಮುಕ್ತಿ’ ತಡವರಿಸದೆ ಓದಲು ಬಂದ ಮೇಲೆ ಬಣ್ಣ ತೆಗೆಯಿರಿ. ಅವಸರಕ್ಕೆ ಬಿದ್ದು ಮೊದಲ ದಿನವೇ ಬೇರೆ ಬೇರೆ ಒತ್ತು ಬೆರೆಸಿದರೆ ಕಟ್ಟಿದ್ದೆಲ್ಲ ಕುಸಿಯುತ್ತದೆ. ಓದಲು ಕೊಟ್ಟ ಪಠ್ಯದಲ್ಲಿ ಹತ್ತು ಪದಕ್ಕೆ ಒಂದಕ್ಕಿಂತ ಹೆಚ್ಚು ತಪ್ಪಿದರೆ ಅದು ಆ ಮಗುವಿಗೆ ಭಾರ, ಸುಲಭದ್ದು ಕೊಡಿ. ಅಕ್ಷರ ದೊಡ್ಡದಿರಲಿ. ಅದಕ್ಕಿಂತ ಮುಖ್ಯವಾಗಿ ಸಾಲುಗಳ ನಡುವೆ ಜಾಗವಿರಲಿ, ಇಕ್ಕಟ್ಟಾದ ಮುದ್ರಣದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಜೊತೆಗೆ ಮಗುವಿಗೆ ದಿನವೂ ಕಥೆ ಓದಿ ಹೇಳಿ. ಓದು ಹಿಂದೆ ಬಿದ್ದಿತೆಂದು ಪದಸಂಪತ್ತು, ತಿಳುವಳಿಕೆ ಯಾಕೆ ಸೊರಗಬೇಕು?

ಶಾಲೆಯೊಡನೆ ಬಾಯಿಮಾತಿನ ಒಪ್ಪಂದ ಉಳಿಯುವುದಿಲ್ಲ. ಶಿಕ್ಷಕರು ಬದಲಾದ ಮರುದಿನವೇ ಎಲ್ಲ ಮೊದಲಿನಂತೆ. ಆದ್ದರಿಂದ ಪೋಷಕರು ಬರೆದು ಕೊಡಬೇಕು, ಸ್ವೀಕೃತಿ ಪಡೆಯಬೇಕು. ಭೇಟಿಗೆ ಹೋಗುವಾಗ ದಿನಾಂಕವಿರುವ ಉಕ್ತಲೇಖನದ ಹಾಳೆಗಳು, ವರದಿಯ ಪ್ರತಿ, ಮಗು ಚೆನ್ನಾಗಿ ಮಾಡಿದ ಒಂದು ಕೆಲಸ ಇವಿಷ್ಟು ಜೊತೆಗಿರಲಿ. ಕೇಳಬೇಕಾದ್ದು ಸ್ಪಷ್ಟವಾಗಿರಲಿ: ಮುಂಚೆ ತಿಳಿಸದೆ ಎಲ್ಲರೆದುರು ಗಟ್ಟಿಯಾಗಿ ಓದಿಸಬಾರದು, ಓದಿಸಲೇಬೇಕಾದರೆ ಹಿಂದಿನ ದಿನವೇ ಆ ಭಾಗ ತಿಳಿಸಬೇಕು. ವಿಜ್ಞಾನ, ಸಮಾಜದಲ್ಲಿ ಉತ್ತರ ಸರಿಯಿದ್ದರೆ ಕಾಗುಣಿತಕ್ಕೆ ಅಂಕ ಕಳೆಯಬಾರದು. ಬೋರ್ಡಿನ ಟಿಪ್ಪಣಿ ಮುದ್ರಿಸಿ ಕೊಡಬೇಕು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಪ್ರಶ್ನೆ ಓದಿ ಹೇಳುವವರು, ಅಗತ್ಯವಿದ್ದರೆ ಬರೆದು ಕೊಡುವವರು ಇರಬೇಕು. ಇದು ರಿಯಾಯಿತಿ ಅಲ್ಲ. ವಿಜ್ಞಾನದ ಪರೀಕ್ಷೆ ವಿಜ್ಞಾನವನ್ನೇ ಅಳೆಯಲಿ ಎಂಬ ನ್ಯಾಯವಾದ ಬೇಡಿಕೆ. ಮಾತುಕತೆಯಲ್ಲಿ ಒಪ್ಪಿದ್ದನ್ನು ಅದೇ ಸಂಜೆ ಬರೆದು ಮುಖ್ಯ ಶಿಕ್ಷಕರಿಗೆ ಕಳುಹಿಸಿ, ಆರು ವಾರದ ನಂತರದ ಮರುಭೇಟಿಯ ದಿನಾಂಕವನ್ನೂ ಅದರಲ್ಲೇ ನಮೂದಿಸಿ.

ಆ ಭೇಟಿಗೆ ಅಂಕಿಸಂಖ್ಯೆ ಬೇಕಾಗುತ್ತದೆ. ಎರಡು ವಾರಕ್ಕೊಮ್ಮೆ, ಒಂದೇ ಮಟ್ಟದ ಹೊಸ ಭಾಗವನ್ನು ಒಂದು ನಿಮಿಷ ಓದಿಸಿ, ಸರಿಯಾಗಿ ಓದಿದ ಪದಗಳನ್ನು ಎಣಿಸಿ ಬರೆದಿಡಿ. ಸತತ ಮೂರು ಎಣಿಕೆಯಲ್ಲೂ ಸಂಖ್ಯೆ ಏರದಿದ್ದರೆ ಬದಲಾಗಬೇಕಾದ್ದು ಪಾಠ: ಗುಂಪು ಚಿಕ್ಕದಾಗಬೇಕೇ, ಹೊತ್ತು ಹೆಚ್ಚಬೇಕೇ, ಹಿಂದಿನ ಹಂತಕ್ಕೆ ಮರಳಬೇಕೇ ಎಂದು ನೋಡಿ.

ಮಗುವಿಗೂ ವಿಷಯ ತಿಳಿಸಿ. ಮುಚ್ಚಿಟ್ಟರೆ ಅದು ತನಗೆ ತಾನೇ ದಡ್ಡ ಎಂಬ ಹೆಸರು ಕೊಟ್ಟುಕೊಳ್ಳುತ್ತದೆ. ‘ಸದ್ದನ್ನು ಅಕ್ಷರಕ್ಕೆ ಹೊಂದಿಸೋಕೆ ನಿನಗೆ ಹೆಚ್ಚು ಹೊತ್ತು ಬೇಕು ಕಂದಾ, ಅದಕ್ಕೇ ನಾವು ಬೇರೆ ರೀತಿ ಕಲಿಯೋಣ’ ಎಂದರೆ ಆರು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಕೊನೆಯದಾಗಿ, ಬರೆದು ಕೊಡುವವರ ಸೌಲಭ್ಯ ಸಿಕ್ಕಿದ ಮಕ್ಕಳ ಪೋಷಕರಿಗೆ ಒಂದು ಮಾತು. ಉತ್ತರವನ್ನು ತಲೆಯಲ್ಲಿ ಜೋಡಿಸಿ, ಇನ್ನೊಬ್ಬರು ಬರೆಯುವ ವೇಗಕ್ಕೆ ತಕ್ಕಂತೆ ಹೇಳುವುದು ಬೇರೆಯೇ ವಿದ್ಯೆ. ‘ಇಲ್ಲಿ ಹೊಸ ಪ್ಯಾರಾ’, ‘ಚಿತ್ರ ನಾನೇ ಬಿಡಿಸುತ್ತೇನೆ’, ‘ಬರೆದದ್ದನ್ನು ಒಮ್ಮೆ ಓದಿ’ ಎಂದು ಹೇಳಲು ಮಗುವಿಗೆ ಧೈರ್ಯವೂ ಬೇಕು. ಪರೀಕ್ಷೆಯ ದಿನ ಅಪರಿಚಿತರೊಬ್ಬರನ್ನು ಎದುರಿಗೆ ಕೂರಿಸಿದರೆ ಗೊತ್ತಿರುವುದೂ ಬಾಯಿಗೆ ಬರುವುದಿಲ್ಲ. ಕನಿಷ್ಠ ಮೂರು ತಿಂಗಳು ಮೊದಲೇ, ವಾರಕ್ಕೊಮ್ಮೆ, ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಯಲ್ಲಿ ಅಭ್ಯಾಸ ಮಾಡಿಸಿ.

– ಕಲಿಕೆಯಲ್ಲಿ ತೊಂದರೆಯಿರುವ ಮಕ್ಕಳಿಗೆ ಪಾಠ ಹೇಳುವ ಕೆಲವು ಶಿಕ್ಷಕರು